ಸ್ಟ್ಯಾನಿ ಪೊರ್ಬುಗಳ ಒಂದೊಂದೇ ಸ್ವರ

ಶಿರ್ವದ ಸ್ಟ್ಯಾನಿಸ್ಲಾಸ್ ಆರಾನ್ಹರನ್ನು ನೆರೆಮನೆಯ ತುಳುವರಾದ ನಾವು, ಕ್ರೈಸ್ತ ಹಿರಿಯರನ್ನು ಕರೆಯುವ ರೂಢಿಯಂತೆ, ಗೌರವದಿಂದ ಸ್ಟ್ಯಾನಿ ಪೊರ್ಬುಗಳು ಎಂದು ಕರೆಯುತ್ತಿದ್ದೆವು. ಹಡಗಿನ ಅಡುಗೆ ಕೆಲಸ ಬಿಟ್ಟು 1959ರಲ್ಲಿ ಊರಿಗೆ ಮರಳಿದ ಅವರು ಮದುವೆಮನೆಗಳ ಅಡುಗೆ ಹಿಡಿದರು. ಅವರು ತಂದ ಪೆಟ್ಟಿಗೆಯಲ್ಲಿ ಅಂಗೈಯಷ್ಟುದ್ದದ, ಹತ್ತು ತೂತುಗಳ ಒಂದು ಮೌತ್ ಆರ್ಗನ್ ಇತ್ತು. ಅಮೆರಿಕದ ದಕ್ಷಿಣದ ಬಂದರೊಂದರಲ್ಲಿ ಮೂಟೆ ಹೊರುವ ಮುದುಕನೊಬ್ಬ ಗೋದಾಮಿನ ಮೆಟ್ಟಿಲಿನ ಮೇಲೆ ಕುಳಿತು ಅಂಥದೇ ವಾದ್ಯದಲ್ಲಿ ಬ್ಲೂಸ್ ಎಂಬ ಸಂಗೀತ ನುಡಿಸುತ್ತಿದ್ದನಂತೆ. ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಬರುತ್ತಿತ್ತು. ಅಳುತ್ತಿದ್ದವನು ನಡುವೆ ನಕ್ಕು ಮಾತು ಮುಂದುವರಿಸಿದ ಹಾಗೆ.

ತಾನೂ ಹಾಗೆಯೇ ನುಡಿಸಬಲ್ಲೆ ಎಂಬುದರಲ್ಲಿ ಸ್ಟ್ಯಾನಿಯವರಿಗೆ ಸಂಶಯವಿರಲಿಲ್ಲ. ಆದರೆ ಊದಿದಾಗಲೆಲ್ಲ ಅಕ್ಕಪಕ್ಕದ ಮೂರು ತೂತುಗಳು ಒಟ್ಟಿಗೆ ಕೂಗುತ್ತಿದ್ದವು.

1961ರ ಮಳೆಗಾಲದಲ್ಲಿ ಅವರ ಒಬ್ಬಳೇ ಮಗಳು, ಶಾಲೆಯಲ್ಲಿ ಟೀಚರಾಗಿದ್ದ ಐರಿನ್‌ಗೆ ಕಾರ್ಕಳದ ಹುಡುಗನೊಡನೆ ಸಂಬಂಧ ಕೂಡಿಬಂತು. ಮದುವೆ ಜನವರಿಗೆ. ಮುನ್ನಾದಿನ ರೋಸ್, ಅಂದರೆ ವಧುವಿಗೆ ಎಣ್ಣೆ ಮತ್ತು ತೆಂಗಿನ ಹಾಲು ಹಚ್ಚುವ ಶಾಸ್ತ್ರ.

"ರೋಸಿನಲ್ಲಿ ನಾನೇ ನುಡಿಸುವುದು" ಎಂದರು ಸ್ಟ್ಯಾನಿ.

ಐರಿನ್‌ಳ ಮುಖ ಸಣ್ಣದಾಯಿತು. "ಪಪ್ಪಾ, ನಮ್ಮ ಶಾಲೆಯ ಟೀಚರುಗಳೆಲ್ಲ ಬರ್ತಾರೆ. ನೀವು ಊದಿದರೆ ಬಸ್ಸಿನ ಹಾರ್ನಿನ ಹಾಗೆ ಕೇಳ್ತದೆ."

"ಹಾರ್ನಿನದ್ದಾದರೂ ಒಂದೇ ಸ್ವರ ಅಲ್ವಾ?" ಎಂದು ಅವಳ ತಾಯಿ ವೆರೊನಿಕಾ ಒಳಗಿನಿಂದ ಸೇರಿಸಿದರು.

ಐರಿನ್ ಹುಟ್ಟಿದಾಗ ಸ್ಟ್ಯಾನಿ ಹಡಗಿನಲ್ಲಿದ್ದರು. ಅವಳು ಇಗರ್ಜಿಯಲ್ಲಿ ಮೊದಲ ಪ್ರಸಾದ ತೆಗೆದುಕೊಂಡಾಗಲೂ ಹಡಗಿನಲ್ಲೇ. ಅವಳು ಮನೆ ಬಿಡುವ ಮೊದಲು ಅವಳಿಗಾಗಿ ಒಂದು ಹಾಡನ್ನಾದರೂ ನುಡಿಸಬೇಕೆಂಬುದು ಅವರ ಆಸೆ. ಇದು ಮಗಳಿಗೂ ಗೊತ್ತಿದ್ದುದರಿಂದ ಅವಳು ಬೇಡವೆನ್ನಲಿಲ್ಲ, ಷರತ್ತು ಹಾಕಿದಳು. "ಸ್ವರ ಸ್ವರ ಬಿಡಿಸಿ ನುಡಿಸಬೇಕು. ಗೊಂದಲ ಆಯಿತೋ, ರೊಸಾರಿಯೊ ಮಾಸ್ಟರ ಬ್ಯಾಂಡು ಶುರು ಆಗ್ತದೆ."

"ಆಗಲಿ. ಅವರು ಕುಳಿತುಕೊಳ್ಳಲಿಕ್ಕೆ ಒಂದು ಬೆಂಚು ಹಾಕಿಸ್ತೇನೆ" ಎಂದರು ಸ್ಟ್ಯಾನಿ.

ತೊಂದರೆ ಇದ್ದದ್ದು ಅವರ ಅಡುಗೆಯ ಅಭ್ಯಾಸದಲ್ಲಿ. ಹಸಿ ಕಟ್ಟಿಗೆಗೆ ಬೆಂಕಿ ಹಿಡಿಸಲು ಊದುಗೊಳವೆಯಲ್ಲಿ ಕೆನ್ನೆ ಉಬ್ಬಿಸಿ ಊದುವ ಬಾಯಿ ಅದು. ಮೌತ್ ಆರ್ಗನ್ನಿಗೂ ಅದೇ ರಭಸದಲ್ಲಿ ಊದುತ್ತಿದ್ದರು. ಅಡುಗೆಯವರಿಗೆ ಮಾತ್ರ ಹೊಳೆಯುವ ಉಪಾಯವೊಂದನ್ನೂ ಮಾಡಿದರು: ಒಂದು ತೂತು ಬಿಟ್ಟು ಉಳಿದವನ್ನೆಲ್ಲ ಕಲಸಿದ ಮೈದಾ ಹಿಟ್ಟಿನಿಂದ ಮುಚ್ಚಿದರು. ಸ್ವರವೇನೋ ಶುದ್ಧವಾಗಿ ಬಂತು.

"ಒಂದೇ ಸ್ವರದ ಹಾಡು ಯಾವುದುಂಟು?" ಎಂದು ವೆರೊನಿಕಾ ಕೇಳಿದರು. ಹಿಟ್ಟನ್ನು ಸೂಜಿಯಿಂದ ಕೆದಕಿ ತೆಗೆಯುವಷ್ಟರಲ್ಲಿ ಸ್ಟ್ಯಾನಿಗೆ ಸಾಕುಸಾಕಾಯಿತು.

ಮಳೆ ಜೋರಾಗಿರುವ ಆಟಿ ತಿಂಗಳು ನಡೆಯುತ್ತಿತ್ತು. ನನ್ನ ತಾಯಿ ಗುಣವತಿ ಗದ್ದೆಯಲ್ಲಿ ಹೆಕ್ಕಿದ ನರ್ತೆಯನ್ನು, ಅಂದರೆ ಸಣ್ಣ ಬಸವನ ಹುಳುಗಳನ್ನು, ಅವರ ಮನೆಗೂ ಕೊಟ್ಟಿದ್ದರು. ವೆರೊನಿಕಾ ಚಿಪ್ಪುಗಳ ತುದಿ ಮುರಿದು ಕಾಯಿತುರಿ ಹಾಕಿ ಸುಕ್ಕ ಮಾಡಿದರು. ಸ್ಟ್ಯಾನಿ ಜಗಲಿಯಲ್ಲಿ ಕುಳಿತು ಒಂದೊಂದನ್ನೇ ತುಟಿಗಿಟ್ಟು ಒಳಗಿನ ಮಾಂಸವನ್ನು ಸುರ್ರೆಂದು ಎಳೆಯುತ್ತಿದ್ದಾಗ ನನ್ನ ತಾಯಿ ನಕ್ಕರು.

"ಪೊರ್ಬುಗಳೇ, ನರ್ತೆಗೆ ಎಷ್ಟು ಸಣ್ಣ ಬಾಯಿ! ಆ ಪೀಪಿಗೆ ಮಾತ್ರ ಮೊಸಳೆಯ ಹಾಗೆ ಬಾಯಿ ಬಿಡುವುದು ಎಂತಕ್ಕೆ?"

ಸ್ಟ್ಯಾನಿ ಚಿಪ್ಪನ್ನು ಬಟ್ಟಲಿಗೆ ಹಾಕಿದರು. ಕೈ ಬಾಯಿ ತೊಳೆದು ಬಂದು ಮೌತ್ ಆರ್ಗನ್ ತೆಗೆದುಕೊಂಡರು. ನರ್ತೆ ಹೀರುವಾಗಿನಂತೆಯೇ ತುಟಿ ಮುಂದೆ ಮಾಡಿ, ಊದದೆ, ಉಸಿರನ್ನು ಮೆಲ್ಲಗೆ ಒಳಗೆಳೆದರು. ಒಂದು ಸ್ವರ ಬಂತು. ಒಂದೇ. ಅಕ್ಕಪಕ್ಕದ ತೂತುಗಳು ಸುಮ್ಮನಿದ್ದವು.

"ನಾನು ಹೇಳಲಿಲ್ಲವಾ?" ಎಂದರು ಸ್ಟ್ಯಾನಿ, ಎಲ್ಲವೂ ತಮ್ಮ ಲೆಕ್ಕಾಚಾರದಂತೆಯೇ ನಡೆದಿದೆ ಎಂಬ ಧಾಟಿಯಲ್ಲಿ.

ಎಳೆಯುವ ಸ್ವರ ಬಂದರೂ ಊದುವ ಸ್ವರ ಹಳೆಯ ಚಾಳಿ ಬಿಡಲಿಲ್ಲ. ಎಳೆದಾಗಿನ ಬಾಯಿಯನ್ನು ಹಾಗೆಯೇ ಇಟ್ಟುಕೊಂಡು ಉಸಿರನ್ನು ಮಾತ್ರ ಹೊರಗೆ ತಿರುಗಿಸಬೇಕು, ಅದೂ ದೀಪ ನಂದದಷ್ಟು ಮೆಲ್ಲಗೆ. ಅದಕ್ಕೇ ಮಳೆಗಾಲದ ಬೆಳೆಯ ಕೊಯ್ಲಿನವರೆಗೆ ಹಿಡಿಯಿತು. ಅಭ್ಯಾಸವೆಲ್ಲ ಹಿತ್ತಿಲಿನಲ್ಲಿ, ಐರಿನ್ ಶಾಲೆಗೆ ಹೋದ ಮೇಲೆ.

ರೋಸಿನ ದಿನ ಚಪ್ಪರ ತುಂಬಿತ್ತು. ಐರಿನ್ ಮಣೆಯ ಮೇಲೆ ಕುಳಿತಳು. ಹಾಡು ಹೇಳುವ ಹೆಂಗಸರ ಮುಂದಾಳು, ವೆರೊನಿಕಾರ ಅಕ್ಕ ಜೋನ್, ತೆಂಗಿನ ಹಾಲಿನ ಪಾತ್ರೆಯನ್ನು ಸ್ಟ್ಯಾನಿಯ ಮುಂದೆ ಹಿಡಿದರು. ಮೊದಲು ಹಚ್ಚಬೇಕಾದವರು ತಂದೆ. ಕೈಗೆ ಎಣ್ಣೆಯೂ ಹಾಲೂ ತಾಗಿದರೆ ವಾದ್ಯ ಹಿಡಿಯುವುದೆಂತು? ಸ್ಟ್ಯಾನಿ ಇದನ್ನು ಯೋಚಿಸಿಯೇ ಇರಲಿಲ್ಲ. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

"ಶಾಸ್ತ್ರ ತಪ್ಪಿಸಬೇಡ ಸ್ಟ್ಯಾನಿ" ಎಂದರು ಜೋನ್.

"ತಪ್ಪಿಸುವುದಿಲ್ಲ ಅಕ್ಕಾ. ಮೊದಲು ತಂದೆಯದ್ದು, ಸರಿ. ನನ್ನದು ಇದರಿಂದ ಶುರು."

ಅವರು ಜೇಬಿನಿಂದ ಮೌತ್ ಆರ್ಗನ್ ತೆಗೆದು ನುಡಿಸತೊಡಗಿದರು. ಊರಿನ ಹೆಂಗಸರು ಮಕ್ಕಳನ್ನು ಮಲಗಿಸುವಾಗ ಹಾಡುವ ಕೊಂಕಣಿ ಜೋಗುಳ. ಆದರೆ ನಡುನಡುವೆ ಎಳೆಯುವ ಸ್ವರಗಳನ್ನು ಸ್ವಲ್ಪ ಕೆಳಗೆ ಬಾಗಿಸಿ, ಆ ಬಂದರಿನ ಮುದುಕನ ಹಾಗೆ. ಸ್ವರಗಳು ಒಂದರ ಹಿಂದೆ ಒಂದು ಬಂದವು. ಮೂರನೆಯ ಸಾಲಿನಲ್ಲಿ ತುಟಿ ಜಾರಿ ಎರಡು ತೂತು ಒಟ್ಟಿಗೆ ಕೂಗಿದವು.

ಬೆಂಚಿನ ಮೇಲಿದ್ದ ರೊಸಾರಿಯೊ ಮಾಸ್ಟರು ಮಾತಿಗೆ ತಪ್ಪದ ಮನುಷ್ಯ. ತುತ್ತೂರಿ ಎತ್ತಿ ಬಾಯಿಗೆ ಇಟ್ಟರು.

"ಮಾಸ್ಟರೇ, ಇಳಿಸಿ" ಎಂದಳು ಐರಿನ್. "ಪಪ್ಪಾ ಇನ್ನೂ ಮುಗಿಸಲಿಲ್ಲ."

ಸ್ಟ್ಯಾನಿ ಆ ಸಾಲನ್ನು ಮೊದಲಿನಿಂದ ಹಿಡಿದು, ಸ್ವರ ಸ್ವರ ಬಿಡಿಸಿ, ಕೊನೆಯವರೆಗೂ ನುಡಿಸಿದರು. ಆಮೇಲೆ ವಾದ್ಯವನ್ನು ಜೇಬಿಗೆ ಹಾಕಿ, ಎರಡೂ ಕೈಗಳನ್ನು ಹಾಲಿನ ಪಾತ್ರೆಯಲ್ಲಿ ಅದ್ದಿದರು.