ಬೆಳಕಿಗಿಂತ ಮುಕ್ಕಾಲು ಗಂಟೆ ಮುಂದೆ

ನನ್ನ ಅಣ್ಣನನ್ನು ಅವನ ಪ್ರಯೋಗಾಲಯದಲ್ಲಿ ಎಲ್ಲರೂ ‘ಇನ್ನೊಂದು ಸುತ್ತು’ ಎಂದೇ ಕರೆಯುತ್ತಿದ್ದರು. ಬೇರೆಯವರು ಸಾಕೆಂದು ಕೈಬಿಟ್ಟ ತಿರುಪನ್ನೂ ಅವನು ಇನ್ನೊಂದು ಸುತ್ತು ತಿರುಗಿಸದೆ ಮೇಲೇಳುತ್ತಿರಲಿಲ್ಲ. ಮನೆಯಲ್ಲೂ ಅದೇ ಪಾಡು. ಅವನು ಮುಚ್ಚಿದ ಡಬ್ಬಿ ತೆಗೆಯುವಷ್ಟರಲ್ಲಿ ನನಗೂ ಅತ್ತಿಗೆಗೂ ಸಾಕುಸಾಕಾಗುತ್ತಿತ್ತು. “ನಿಮ್ಮಣ್ಣ ಕೆಲಸದಿಂದ ಬರೋವರೆಗೂ ಈ ಮನೇಲಿ ಯಾರಿಗೂ ಸಕ್ಕರೆ ಇಲ್ಲ” ಎಂದು ಅತ್ತಿಗೆ ಗೊಣಗುತ್ತಿದ್ದರು.

ಅವನು ವಿಜ್ಞಾನಿಯಲ್ಲ, ಕೇಬಲ್ ಜೋಡಿಸುವವನು. ಏಳುನೂರು ಕಿಲೋಮೀಟರ್ ದೂರದಿಂದ, ನೆಲದೊಳಗಿನ ಬಂಡೆಗಳಿಗೆ ಕ್ಯಾರೇ ಅನ್ನದೆ ತೂರಿ ಬರುವ ನ್ಯೂಟ್ರಿನೊ ಎಂಬ ಅತಿ ಸಣ್ಣ ಕಣಗಳು ಎಷ್ಟು ಹೊತ್ತಿಗೆ ಬಂದು ಮುಟ್ಟಿದವು ಎಂದು ಅಳೆಯುವುದು ಆ ಪ್ರಯೋಗಾಲಯದ ಕೆಲಸ. ಅಳೆಯುವ ಗಡಿಯಾರಕ್ಕೆ ಸಮಯದ ಸಂಕೇತ ಕೂದಲಿನಷ್ಟು ತೆಳುವಾದ ಗಾಜಿನ ಎಳೆಯೊಳಗೆ ಬೆಳಕಾಗಿ ಬರುತ್ತಿತ್ತು. ಆ ಎಳೆಯ ತುದಿಯನ್ನು, ಸಂಕೇತವನ್ನು ಗಡಿಯಾರಕ್ಕೆ ದಾಟಿಸುವ ಪೆಟ್ಟಿಗೆಗೆ ಸಿಕ್ಕಿಸಿ, ಅದರ ಉಂಗುರವನ್ನು ತಿರುಗಿಸಿ ಬಿಗಿ ಮಾಡಿ, ಉಂಗುರಕ್ಕೂ ಪೆಟ್ಟಿಗೆಗೂ ಸೇರುವ ಹಾಗೆ ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆಯುವುದು ಅಣ್ಣನ ಪಾಲಿನದು. ಗೆರೆ ಇದ್ದರೆ ಬಿಗಿಯಾಗಿದೆ, ಇನ್ನು ಯಾರೂ ಮುಟ್ಟುವಂತಿಲ್ಲ ಎಂದರ್ಥ. ಅವನು ಎಳೆದ ಗೆರೆಯನ್ನು ಎಂಥೆಂಥ ಪಂಡಿತರೂ ಮುಟ್ಟುತ್ತಿರಲಿಲ್ಲ.

ಅತ್ತಿಗೆ ಇಪ್ಪತ್ತಾರು ವರ್ಷ ಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟವರು. ಮಕ್ಕಳಾಗಲಿಲ್ಲ, ಮದುವೆ ಬೇಡವೆಂದು ಉಳಿದ ನಾನೇ ಅವರ ಪಾಲಿಗೆ ಮಗಳು, ನಾದಿನಿ, ಜಗಳಕ್ಕೆ ಜೊತೆ, ಎಲ್ಲಾ. ಅವರ ಹೃದಯ ಮೊದಲೇ ಸೋತಿತ್ತು. ಒಂದು ಮಧ್ಯಾಹ್ನ ಬಚ್ಚಲುಮನೆಯಲ್ಲಿ ಕುಸಿದುಬಿದ್ದರು. ನಾನು ಗಾಬರಿಯಲ್ಲಿ ಅಣ್ಣನಿಗೆ ಫೋನ್ ಮಾಡಿ, “ಇದ್ದ ಹಾಗೇ ಬಾ” ಎಂದು ಕಿರುಚಿದೆ. ಅವನು ಬಂದ. ಅತ್ತಿಗೆ ಉಳಿದರು, ಆದರೆ ಅಲ್ಲಿಂದ ಹಾಸಿಗೆಯೇ ಗತಿಯಾಯಿತು.

ಅದಾಗಿ ಒಂದು ವರ್ಷಕ್ಕೆ ಟೀವಿಯಲ್ಲಿ ಆ ಸುದ್ದಿ ಬಂತು. ಪ್ರಯೋಗಾಲಯದ ಮುಖ್ಯಸ್ಥರು, ಅಣ್ಣ ‘ದೊಡ್ಡವರು’ ಎನ್ನುತ್ತಿದ್ದವರು, ಅಳುಕುತ್ತಲೇ ಹೇಳಿದರು: ಕಣಗಳು ಬೆಳಕಿಗಿಂತ ಮೊದಲು ಬಂದು ಮುಟ್ಟುತ್ತಿವೆ. ಎಷ್ಟು ಮೊದಲು ಅಂದರೆ, ಒಂದು ಸೆಕೆಂಡನ್ನು ಎರಡು ಕೋಟಿ ಚೂರು ಮಾಡಿದರೆ ಅದರಲ್ಲಿ ಒಂದು ಚೂರು. ‘ನಮಗೇ ನಂಬಿಕೆ ಬರುತ್ತಿಲ್ಲ, ತಪ್ಪಿದ್ದರೆ ಹುಡುಕಿಕೊಡಿ’ ಎಂದರು. ಯಾರೋ ಕೇಳಿದರು, ಹಾಗಾದರೆ ಮನುಷ್ಯ ನಕ್ಷತ್ರಗಳಿಗೆ ಹೋಗಬಹುದೇ? “ಇದು ಇದೆಯೋ ಇಲ್ಲವೋ ಅನ್ನುವಷ್ಟು ಹಗುರದ ಕಣ. ಜನ ಕೂರುವ ವಾಹನದ ಮಾತೇ ಬೇರೆ. ಆದರೆ ಆಗುವುದೇ ಇಲ್ಲ ಅಂತ ನಿನ್ನೆವರೆಗೆ ಹೇಳುತ್ತಿದ್ದೆ, ಇವತ್ತು ಹೇಳಲಾರೆ” ಎಂದರು ದೊಡ್ಡವರು.

ಅತ್ತಿಗೆ ದಿಂಬಿಗೆ ಒರಗಿಕೊಂಡು, ಔಷಧಿ ಚೀಟಿಯ ಹಿಂದೆ ಪೆನ್ಸಿಲಿನಲ್ಲಿ ಗುಣಾಕಾರ ಭಾಗಾಕಾರ ಶುರುಮಾಡಿದರು.

“ಕೇಳಿಲ್ಲಿ. ಹತ್ತಿರದ ನಕ್ಷತ್ರಕ್ಕೆ ಹೋಗೋಕೆ ಬೆಳಕಿಗೇ ನಾಲ್ಕು ವರ್ಷದ ಮೇಲೆ ಬೇಕು. ಈ ಕಣದ ಜೊತೆ ಹೊರಟ್ರೆ ಎಷ್ಟು ಮುಂಚೆ ಹೋಗಿ ಇಳೀತೀವಿ ಗೊತ್ತಾ? ಮುಕ್ಕಾಲು ಗಂಟೆ!”

“ಇಷ್ಟಕ್ಕಾ ಈ ಗಲಾಟೆ?” ಎಂದೆ ನಾನು. “ನಮ್ಮ ಬೀದಿಗೆ ಬರೋ ಬಸ್ಸೇ ಅದಕ್ಕಿಂತ ಹಿಂದೆ ಮುಂದೆ ಆಗತ್ತೆ.”

ಅತ್ತಿಗೆ ಕೆಮ್ಮು ಬರುವಷ್ಟು ನಕ್ಕರು. “ಹುಚ್ಚಿ, ಎಷ್ಟು ಹೊತ್ತು ಅನ್ನೋದಲ್ಲ ಕಣೇ. ಬೆಳಕನ್ನ ಯಾವುದೂ ಹಿಂದೆ ಹಾಕೋಕಾಗಲ್ಲ ಅಂತ ಇಷ್ಟು ವರ್ಷ ಪಾಠ ಮಾಡಿದೀನಿ. ಅದು ಸುಳ್ಳಾಯ್ತಲ್ಲ! ನನಗೆ ಎಷ್ಟು ಖುಷಿ ಆಗ್ತಿದೆ ಗೊತ್ತಾ?” ಕಿಟಕಿಯವರೆಗೆ ಹೋಗಲಾರದವರು ನಕ್ಷತ್ರದ ದಾರಿ ಲೆಕ್ಕ ಹಾಕುತ್ತಿದ್ದರು. ನನಗೆ ಒಳಗೊಳಗೇ ಅಳು ಬಂತು.

ಅಣ್ಣ ಮಾತ್ರ ನಗಲಿಲ್ಲ. ಎದ್ದು ಅಡುಗೆಮನೆಗೆ ಬಂದ. ನಾನು ಹಿಂದೆಯೇ ಹೋದೆ.

“ಅದು ನಾನು ಮಾಡಿದ್ದು” ಎಂದ. “ನೀನು ಫೋನ್ ಮಾಡಿದಾಗ ಕೊನೇ ಉಂಗುರ ತಿರುಗಿಸ್ತಾ ಇದ್ದೆ. ಗೆರೆ ಎಳೆದು ಓಡಿಬಂದೆ. ಪೂರ್ತಿ ಬಿಗಿ ಮಾಡಿದ ನೆನಪು ನನಗಿಲ್ಲ.”

“ಅಷ್ಟರಿಂದ ಕಣ ಬೇಗ ಬರತ್ತಾ?”

“ಕಣ ಬೇಗ ಬರಲ್ಲ. ಉಂಗುರ ಸಡಿಲ ಇದ್ರೆ ಒಳಗೆ ಹೋಗೋ ಬೆಳಕು ಮಂಕಾಗತ್ತೆ, ಸಂಕೇತ ತಡ ಆಗತ್ತೆ, ಗಡಿಯಾರ ಹಿಂದೆ ಬೀಳತ್ತೆ. ನಮ್ಮನೆ ಗಡಿಯಾರ ಐದು ನಿಮಿಷ ಹಿಂದೆ ಇದ್ರೆ ಹಾಲಿನವನು ಐದು ನಿಮಿಷ ಮುಂಚೆ ಬಂದ ಹಾಗೆ ಕಾಣಲ್ವಾ? ಹಾಗೇ.” ನಾಳೆಯೇ ಹೋಗಿ ಹೇಳುತ್ತೇನೆಂದ.

ನಾನೇ ತಡೆದೆ. ಆ ತಪ್ಪನ್ನು ಬೇರೆ ಯಾರ ಮೇಲೂ ಹಾಕುವಂತಿಲ್ಲ. ಆರು ವಾರ ಉಳಿದರೆ ಹೆಚ್ಚು ಎಂದು ಡಾಕ್ಟರು ಅದೇ ವಾರ ಹೇಳಿದ್ದರು. “ಅತ್ತಿಗೆ ನಗೋದು ನೋಡಿ ಎಷ್ಟು ತಿಂಗಳಾಯ್ತು? ನೀನು ಹೇಳಿದ್ರೆ, ತಾನು ಬಿದ್ದಿದ್ದಕ್ಕೇ ಹೀಗಾಯ್ತು ಅಂತ ಆ ಜೀವ ಕೊರಗಿ ಸಾಯತ್ತೆ. ಬಾಯಿ ಮುಚ್ಕೊಂಡಿರು. ಅವರದ್ದು ಮುಗೀಲಿ, ಆಮೇಲೆ ಯಾರಿಗೆ ಬೇಕಾದ್ರೂ ಹೇಳ್ಕೋ” ಎಂದೆ. ನನ್ನ ಬಾಯಿಗೆ ಯಾವತ್ತೂ ಲಂಗುಲಗಾಮಿಲ್ಲ. ಆದರೆ ಮೆತ್ತಗೆ ಹೇಳಿದ್ದರೂ ಮಾತಿನ ಅರ್ಥ ಅದೇ ಆಗಿರುತ್ತಿತ್ತು.

ಆರು ವಾರ ಕಳೆಯಿತು. ಅತ್ತಿಗೆ ಹೋಗಲಿಲ್ಲ. ಆ ಸುದ್ದಿಯೇ ಅವರಿಗೆ ಟಾನಿಕ್ಕಿನ ಹಾಗೆ ಹಿಡಿಯಿತು. ಬೆಳಗಾದರೆ ಪೇಪರು, ಸಂಜೆಯಾದರೆ ಟೀವಿ. ಹಳೆಯ ವಿದ್ಯಾರ್ಥಿಗಳಿಗೆಲ್ಲ ಫೋನ್ ಮಾಡಿ, “ನಾನು ಹೇಳಿಕೊಟ್ಟಿದ್ದನ್ನ ಮರೆತುಬಿಡಿ” ಎನ್ನುತ್ತಿದ್ದರು. ಅತ್ತ ಪ್ರಯೋಗಾಲಯದಲ್ಲಿ ಅರವತ್ತು ಜನ ಊಟ ನಿದ್ದೆ ಬಿಟ್ಟು ತಪ್ಪು ಹುಡುಕುತ್ತಿದ್ದರು. ಏಳುನೂರು ಕಿಲೋಮೀಟರನ್ನು ಮತ್ತೆ ಅಳೆದರು, ಗಡಿಯಾರ ಬದಲಾಯಿಸಿದರು. ಕೆಂಪು ಗೆರೆಯಿದ್ದ ಉಂಗುರಗಳನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಅಣ್ಣ ಅವರಿಗೆ ದೀಪ ಹಿಡಿದು ನಿಲ್ಲುತ್ತಿದ್ದ. ಮನೆಗೆ ಬಂದರೆ ಎರಡು ತುತ್ತು ಗಂಟಲಿಗಿಳಿಯುತ್ತಿರಲಿಲ್ಲ.

ಐದನೇ ತಿಂಗಳ ಒಂದು ಬೆಳಿಗ್ಗೆ ಅಣ್ಣ ಶೂ ಹಾಕಿಕೊಳ್ಳುತ್ತಿದ್ದ. ಅತ್ತಿಗೆ ಗೋಡೆ ಹಿಡಿದುಕೊಂಡು, ಹೆಜ್ಜೆಗೊಮ್ಮೆ ನಿಂತು, ಕಿಟಕಿಯವರೆಗೆ ನಡೆದುಬಂದರು.

“ರೀ, ನೋಡಿ! ಯಾರೂ ಹಿಡ್ಕೊಳ್ಳದೆ ಬಂದೆ!”

ಅಣ್ಣನ ಮುಖ ಸಪ್ಪಗಾಯಿತು. ಒಂದೇ ಕ್ಷಣ, ಆಮೇಲೆ ಸರಿಮಾಡಿಕೊಂಡು ನಕ್ಕ. ನನಗೆ ಅದು ಕಂಡಿತು, ಯಾಕೆಂದರೆ ನನಗೂ ಎದೆಯಲ್ಲಿ ಅದೇ ಆಗಿತ್ತು. ಇನ್ನೂ ಎಷ್ಟು ದಿನ, ಅಂದುಕೊಂಡಿದ್ದೆ. ಗೋಡೆ ಹಿಡಿದಿದ್ದ ಆ ಕೈ ಹದಿನೈದು ವರ್ಷ ನನಗೆ ಜಡೆ ಹೆಣೆದ ಕೈ. ನಾಚಿಕೆಯಿಂದ ನನಗೆ ತಲೆಯೆತ್ತಲಾಗಲಿಲ್ಲ.

ಅಣ್ಣ ಬಾಗಿಲಲ್ಲಿ ನಿಂತು, “ನನ್ನ ಕೈಲಿ ಇನ್ನಾಗಲ್ಲ” ಎಂದು ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿ ಹೋದ.

ನೇರ ದೊಡ್ಡವರ ಕೋಣೆಗೆ ಹೋಗಿ ಹೇಳಿದನಂತೆ. ಅವರು ಬೈಯಲಿಲ್ಲ. “ನಿಮ್ಮ ಗೆರೆ ಇತ್ತಲ್ಲ, ಅದಕ್ಕೇ ನಾವು ನೋಡ್ಲಿಲ್ಲ” ಎಂದಷ್ಟೇ ಅಂದರು. ಇಬ್ಬರೂ ಇಳಿದುಹೋಗಿ ಪೆಟ್ಟಿಗೆಯ ಮುಂದೆ ಕೂತರು. ಉಂಗುರ ಇನ್ನೂ ಅರ್ಧ ಸುತ್ತು ತಿರುಗಿತು. ಅಷ್ಟೇ, ಕಣಗಳು ಬೆಳಕಿನ ಹಿಂದೆ ತೆಪ್ಪಗೆ ಬರತೊಡಗಿದವು. ಆ ತಿಂಗಳೇ ದೊಡ್ಡವರು ಹುದ್ದೆ ಬಿಟ್ಟರು. ಅಣ್ಣನ ಕೆಲಸ ಉಳಿಯಿತು. ಆದರೆ ಇನ್ನೂರು ಚಿಲ್ಲರೆ ಕೆಂಪು ಗೆರೆಗಳನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಪ್ರತಿಯೊಂದನ್ನೂ ಬೇರೆಯವರ ಕೈಯಲ್ಲಿ ಪರೀಕ್ಷೆ ಮಾಡಿಸಬೇಕೆಂದು ಆದೇಶವಾಯಿತು. ಒರೆಸಿದವನು ಅವನೇ.

ಪೇಪರಿನವರಿಂದ ತಿಳಿಯುವುದು ಬೇಡವೆಂದು ಅತ್ತಿಗೆಗೆ, ದೊಡ್ಡವರ ಬಳಿ ಒಪ್ಪಿಕೊಂಡ ದಿನದ ಸಂಜೆಯೇ ಹೇಳಿದ್ದ. ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು, ಫೋನು, ಉಂಗುರ, ಗೆರೆ, ಯಾವುದನ್ನೂ ಬಿಡದೆ ಹೇಳಿದ. ನಾನು ಬಾಗಿಲಿಗೆ ಅಂಟಿಕೊಂಡು ನಿಂತಿದ್ದೆ. ಕೊರಗುತ್ತಾರೆಂದು ನಾನು ಹೆದರಿದ್ದೆ. ಅವರು ಕೊರಗಲಿಲ್ಲ.

“ಅಂದ್ರೆ ನಾನು ಪಾಠ ಮಾಡಿದ್ದೇ ಸರಿ” ಎಂದು ಸಣ್ಣಗೆ ನಕ್ಕರು. “ನಿಮಗೆ ಯಾವತ್ತು ಗೊತ್ತಾಯ್ತು?”

“ಟೀವಿಲಿ ಬಂತಲ್ಲ, ಅವತ್ತೇ.”

“ಐದು ತಿಂಗಳಾಯ್ತಲ್ರೀ. ನೀವು ಒಂದು ದಿನ ಸುಮ್ಮನಿರೋರಲ್ಲ. ಇಷ್ಟು ದಿನ ಯಾಕೆ ಕಾದ್ರಿ?”

ಅಣ್ಣ ತಲೆ ತಗ್ಗಿಸಿದ. ಅತ್ತಿಗೆ ಅವನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಇಪ್ಪತ್ತಾರು ವರ್ಷ ಮಕ್ಕಳ ಮುಖ ನೋಡಿಯೇ ಸುಳ್ಳು ಹಿಡಿದ ಮೇಷ್ಟ್ರಮ್ಮ. ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೈ ಚಾಚಿ ಅಣ್ಣನ ತಲೆ ಸವರಿದರು.

“ನಾನೇ ತುಂಬ ತಡ ಮಾಡಿಬಿಟ್ಟೆ ಅಲ್ವಾ?” ಎಂದರು.

ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಅಣ್ಣ ಸ್ಟೂಲಿನ ಮೇಲೆ ಕೂತಲ್ಲೇ ಬಿಕ್ಕಿಬಿಕ್ಕಿ ಅತ್ತ. ಅವರಿಗೆ ಉತ್ತರ ಕೊಡಬೇಕಾಗಿದ್ದವಳು ನಾನು. ಅದಾದ ಮೇಲೆ ಅವರು ಒಂಬತ್ತು ದಿನ ಇದ್ದರು, ಒಂಬತ್ತು ದಿನವೂ ನಾನು ಅವರ ತಲೆ ಬಾಚಿದೆ, ಹಾಲು ಕುಡಿಸಿದೆ, ಏನೇನೋ ಮಾತಾಡಿದೆ. ಇಲ್ಲ ಅತ್ತಿಗೆ, ಅನ್ನುವ ಎರಡು ಮಾತು ಬಾಯಿಗೆ ಬರಲಿಲ್ಲ.