ಸ್ಟುಡಿಯೋ ಮಾಮನ ಸದ್ದಿಲ್ಲದ ಕ್ಯಾಮೆರಾ

ಹೋದ ತಿಂಗಳು ಹೊಸ ಕ್ಯಾಮೆರಾದ ಡಬ್ಬಿ ಬಿಚ್ಚಿದಾಗ ರಬ್ಬರು, ಸ್ಪಂಜು ಬೆರೆತ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ನಮ್ಮ ಮನೆಯವರು "ಇಷ್ಟು ಚಿಕ್ಕದು ಯಾಕೆ ತಗೊಂಡೆ? ದೊಡ್ಡದು ಸಿಗಲಿಲ್ವಾ?" ಅಂತ ಕೇಳುತ್ತಿದ್ದರು. ನನ್ನ ಮನಸ್ಸು ಮಾತ್ರ ಆಗಲೇ ಚನ್ನಗಿರಿಯ ತವರುಮನೆ ಬೀದಿಗೆ, ಪಕ್ಕದ ಕಟ್ಟಡದ ಫೋಟೋ ಸ್ಟುಡಿಯೋಗೆ ಹೋಗಿಬಿಟ್ಟಿತ್ತು…

ಅದನ್ನು ನಡೆಸುತ್ತಿದ್ದವರನ್ನು ಬೀದಿಯವರೆಲ್ಲ ಸ್ಟುಡಿಯೋ ಮಾಮ ಅನ್ನುತ್ತಿದ್ದೆವು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮದುವೆ, ನಾಮಕರಣಗಳಿಗೆ ದೊಡ್ಡ ಡಿಎಸ್ಎಲ್ಆರ್ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದರು. ಗುಂಡಿ ಒತ್ತಿದರೆ ಅದರೊಳಗಿನ ಕನ್ನಡಿ ಮೇಲೆದ್ದು 'ಚಟಕ್' ಅನ್ನುತ್ತಿತ್ತು. ಕಾಲೇಜಿಗೆ ಹೋಗುತ್ತಿದ್ದ ನನಗೆ ಅದನ್ನು ಹಿಡಿಯಲು ಕಲಿಸಿದವರೂ ಅವರೇ. ತಂತಿಯ ಮೇಲೆ ಒಣಗುವ ಬಟ್ಟೆ, ಅಮ್ಮ ಸೊಪ್ಪು ಸೋಸುವುದು, ಗೇಟಿನ ಮೇಲೆ ಕೂತ ಬೆಕ್ಕು… ಇಂಥವನ್ನೇ ತೆಗೆಯುತ್ತಿದ್ದೆ.

ಹೆಗಲು ನೋವು ಜಾಸ್ತಿಯಾದ ಮೇಲೆ ಮಾಮ ಬಹಳ ಯೋಚಿಸಿ ಮಿರರ್‌ಲೆಸ್ ಕ್ಯಾಮೆರಾ ತಂದರು. ಕನ್ನಡಿಯೇ ಇಲ್ಲದ್ದು, ಅರ್ಧದಷ್ಟೂ ಭಾರವಿಲ್ಲದ್ದು. ಎರಡನ್ನೂ ನನ್ನ ಕೈಗೆ ಕೊಟ್ಟು ಹೇಳಿದರು: "ಬ್ಯಾಟರಿ ಬೇಗ ಖಾಲಿ ಆಗ್ತೈತೆ, ಅದೊಂದೇ ತಕರಾರು. ಆದ್ರೆ ದಿನಾ ಹಿಡ್ಕಂಡು ಓಡಾಡಾಕೆ ಇದೇ ಸರಿ ನೋಡವ್ವ. ಭಾರ ಇದ್ರೆ ಬೀರುನಾಗೇ ಕುಂತಿರ್ತೈತೆ."

ಹೊಸ ಕ್ಯಾಮೆರಾದ ಸದ್ದನ್ನೂ ನಿಲ್ಲಿಸಬಹುದಿತ್ತು. ತೊಟ್ಟಿಲ ಮಗು ಬೆಚ್ಚಿಬೀಳುವುದಿಲ್ಲ ಅಂತ ಮಾಮನಿಗೆ ಅದೇ ದೊಡ್ಡ ಖುಷಿ.

ಅದೇ ವರ್ಷ ನಮ್ಮ ಎದುರುಮನೆ ಹುಡುಗಿಯ ಫೋಟೋ ಒಂದು ಊರವರ ಫೋನುಗಳಲ್ಲೆಲ್ಲ ಹರಿದಾಡಿತು. ಬಸವಾಪಟ್ಟಣದ ಕಬ್ಬಿನಹಾಲಿನ ಅಂಗಡಿ ಮುಂದೆ ಸಹಪಾಠಿ ಹುಡುಗನ ಜೊತೆ ನಿಂತು ನಗುತ್ತಿದ್ದಳು, ಅಷ್ಟೇ. ನಲ್ಲೂರಿನಿಂದ ಬಂದಿದ್ದ ಸಂಬಂಧ ಮುರಿದುಬಿತ್ತು. ಮದುವೆ ಆಲ್ಬಮ್ಮಿನ ಫೋಟೋಗಳಲ್ಲಿ ಇರುವಂತೆ ಅವರಿಬ್ಬರ ಹಿಂದಿನದೆಲ್ಲ ಮಸುಕಾಗಿತ್ತು. ಇದು ಫೋನಿನದಲ್ಲ, ಕ್ಯಾಮೆರಾದ್ದೇ ಅಂದರು ಜನ. ಆ ದಿನ ಮಾಮ ನಾಮಕರಣಕ್ಕೆಂದು ಬಸವಾಪಟ್ಟಣಕ್ಕೇ ಹೋಗಿದ್ದರು. "ಸದ್ದಿಲ್ಲದ ಕ್ಯಾಮೆರಾ ಯಾಕೆ ತಂದ ಅಂತ ಈಗ ಗೊತ್ತಾತಲ್ಲ" ಅಂತ ಬೀದಿಯಲ್ಲಿ ಪಿಸುಪಿಸು ಶುರುವಾಯಿತು.

ಹುಡುಗಿಯ ಅಪ್ಪ ಸ್ಟುಡಿಯೋಗೆ ನುಗ್ಗಿದರು. ಮಾಮ ಕ್ಯಾಮೆರಾದಿಂದ ಫೋಟೋಗಳಿರುವ ಕಾರ್ಡು ತೆಗೆದು ಅವರ ಕೈಗಿಟ್ಟರು.

"ನೋಡ್ರಿ, ಎಲ್ಲಾ ನೋಡ್ರಿ."

"ಅಳಿಸಿರ್ತೀಯ!"

ಮಾಮ ಅವರ ಫೋನನ್ನೇ ಇಸಿದುಕೊಂಡು ಫೋಟೋ ದೊಡ್ಡದು ಮಾಡಿದರು. "ಹುಡುಗಿ ಓಲೆ ನೋಡ್ರಿ, ಅರ್ಧ ಅಳಿಸಿಹೋಗೈತೆ. ಲೆನ್ಸಿನ ಮಸುಕು ಹಿಂಗಿರಲ್ಲರೀ. ಇದು ಫೋನೇ ಬಳಿದಿರೋ ಮಸುಕು, ಅಂಚು ಗೊತ್ತಾಗ್ದೆ ಓಲೆನೂ ಅಳಿಸೈತೆ." ಬಾಗಿಲಲ್ಲಿ ನಿಂತಿದ್ದ ನಾನೂ ಇಣುಕಿದೆ. ಓಲೆ ಅರ್ಧವೇ ಇತ್ತು. ಆದರೆ ಕೇಳುವ ಮನಸ್ಸು ಯಾರಿಗಿತ್ತು? ಅವತ್ತಿನಿಂದ ನಮ್ಮಮ್ಮನೂ ಸ್ಟುಡಿಯೋ ಕಡೆಯ ಕಿಟಕಿಗೆ ಪರದೆ ಎಳೆದರು. ಮಾಮ ಮಾಳಿಗೆ ಹತ್ತಿದ ಸದ್ದಾದರೆ, ಓಲೆ ನೋಡಿದ್ದ ನಾನೂ ಒಮ್ಮೆ ಕತ್ತೆತ್ತಿ ಅವರ ಕೈಯಲ್ಲೇನಿದೆ ಅಂತ ನೋಡುತ್ತಿದ್ದೆ.

ಮಾಮ ಹೊಸ ಕ್ಯಾಮೆರಾವನ್ನು ಬೀರುವಿಗೆ ಸೇರಿಸಿ ಮತ್ತೆ ಹಳೆಯದನ್ನೇ ಹೆಗಲಿಗೇರಿಸಿದರು. ಒಂದು ಮದುವೆಯಲ್ಲಿ ಕಂಡೆ. ಹೆಂಗಸರು ಕೂತ ಕಡೆ ಹೋಗುವ ಮೊದಲು ಗೋಡೆಗೆ ಗುರಿಯಿಟ್ಟು ಒಂದೆರಡು ಸಲ ಚಟಕ್ ಚಟಕ್ ಅನ್ನಿಸಿದರು, ತಾನು ಬರುತ್ತಿದ್ದೇನೆ ಅಂತ ಎಲ್ಲರಿಗೂ ತಿಳಿಯಲಿ ಎಂದು. ಆದರೂ ಸೆರಗುಗಳು ಸರಿದವು, ಮುಖಗಳು ತಿರುಗಿದವು. ಮಾಮ ಬಲಗೈಯಿಂದ ಎಡ ಹೆಗಲನ್ನು ಒತ್ತಿಕೊಳ್ಳುತ್ತಾ ಹೊರಗೆ ಬಂದು ಕೂತರು…

ಕರೆಯುವವರು ಕಡಿಮೆಯಾದರು. ಸ್ಟುಡಿಯೋ ಮುಚ್ಚಿ ಜಗಳೂರಿನ ತಂಗಿಯ ಮನೆಗೆ ಹೋದವರು ಅಲ್ಲೇ ತೀರಿಕೊಂಡರು.

ಮೊನ್ನೆ ಹೊನ್ನಾಳಿಯಲ್ಲಿ ಆ ಎದುರುಮನೆ ಹುಡುಗಿಯ ಮನೆಗೆ ಹೋಗಿದ್ದೆ. ಈಗ ಅವಳಿಗೊಂದು ಪುಟ್ಟ ಮಗಳು. ಆಡುತ್ತಿದ್ದ ಮಗುವಿನ ಫೋಟೋವನ್ನು ನನ್ನ ಹೊಸ ಕ್ಯಾಮೆರಾದಲ್ಲಿ ತೆಗೆದು ತೋರಿಸಿದೆ.

"ಯಾವಾಗ ತೆಗ್ದೆ ಅಕ್ಕ? ಸದ್ದೇ ಆಗ್ಲಿಲ್ಲ" ಅಂದವಳ ಮುಖ ಸಣ್ಣಗಾಯಿತು. ಆಮೇಲೆ ತಾನಾಗಿಯೇ ಹೇಳಿದಳು: "ಅವತ್ತಿನ ಆ ಫೋಟೋ ತೆಗ್ದಿದ್ದು ನಮ್ಮ ಚಿಕ್ಕಪ್ಪನ ಮಗ. ಫೋನಿನಾಗೆ. ಸ್ವಲ್ಪ ದಿನಕ್ಕೇ ಅಪ್ಪಗೆ ಗೊತ್ತಾತು. ಮನೆ ಮರ್ಯಾದೆ ಅಂತ ಯಾರಿಗೂ ಹೇಳಾಕೆ ಬಿಡ್ಲಿಲ್ಲ. ಮಾಮ ಈಗ ಎಲ್ಲಿದಾರಕ್ಕ? ಒಂದ್ಸಲ ಹೋಗಿ ಹೇಳಿಬರ್ಬೇಕು."

ಅವರು ಹೋಗಿಬಿಟ್ಟರು ಅಂದೆ. ಅವಳಿಗೆ ಗೊತ್ತೇ ಇರಲಿಲ್ಲ.

"ಅಪ್ಪಗೆ ಗೊತ್ತಾ?"

ಗೊತ್ತಿತ್ತು. ಮಾಮ ತೀರಿಕೊಂಡ ಸುದ್ದಿಯನ್ನು ನಮ್ಮಮ್ಮನಿಗೆ ತಿಳಿಸಿದವರೇ ಅವಳಪ್ಪ. ಗೇಟಿನ ಹತ್ತಿರ ನಿಂತು, "ಪಾಪ, ಮನುಷ್ಯ ಒಳ್ಳೆಯವನೇ ಇದ್ದ. ಆದ್ರೂ…" ಅಂದು ಮಾತು ನಿಲ್ಲಿಸಿದ್ದರಂತೆ. ಅದನ್ನು ಅವಳಿಗೆ ಹೇಳದೆ, "ಗೊತ್ತು" ಅಂತಷ್ಟೇ ಅಂದು ಕ್ಯಾಮೆರಾವನ್ನು ಚೀಲಕ್ಕೆ ಹಾಕಿದೆ.