ಉಪ್ಪಿನ ಹರಳಿಗೆ ಒಬ್ಬ ಸಾಕ್ಷಿ

ನನ್ನ ತಮ್ಮ ಪೆದ್ದನಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಕೇಳ್ತಾ ಕೇಳ್ತಾ ನಿಮಗೆ ಹಾಗನ್ನಿಸಬಹುದು. ಮೂವತ್ತೊಂದು ವರ್ಷ ಒಂದೇ ಗೋದಾಮಿನ ಬಾಗಿಲಲ್ಲಿ ಕೂತು, ಒಳಗೆ ಹೋಗೋ ಮೂಟೆ, ಹೊರಗೆ ಬರೋ ಪೆಟ್ಟಿಗೆ ಎಣಿಸಿದ ಮನುಷ್ಯ. ಅಂಗೈಯಲ್ಲಿ ಒಂದು ಪುಟ್ಟ ಎಣಿಕೆ ಯಂತ್ರ ಇರ್ತಿತ್ತು, ಹೆಬ್ಬೆರಳಲ್ಲಿ ಒತ್ತಿದರೆ ಟಿಕ್ ಅಂತ ಒಂದು ಅಂಕಿ ಮುಂದಕ್ಕೆ ಹೋಗೋದು. ನಿವೃತ್ತಿ ಆದಮೇಲೂ ಆ ಹೆಬ್ಬೆರಳು ಸುಮ್ಮನಾಗಲಿಲ್ಲ. ಊಟಕ್ಕೆ ಕೂತಾಗಲೂ ತೊಡೆ ಮೇಲೆ ಕುಣೀತಿರುತ್ತೆ. ಏನು ಎಣಿಸ್ತೀಯೋ ಅಂದ್ರೆ, "ಏನಿಲ್ಲ ಅಕ್ಕ, ನೀನು ಎಷ್ಟು ಸಲ ಅಗಿದೆ ಅಂತ" ಅಂತಾನೆ. ಮೈ ಉರಿಯಲ್ವಾ ಹೇಳಿ?

ಈ ಚಾಳಿಯಿಂದಲೇ ಅವನ ಸಂಸಾರ ಹಾಳಾಯ್ತು ಅಂತ ಜನ ಅಂತಾರೆ. ಅವನಿಗೆ ನಲವತ್ತೆರಡಕ್ಕೆ ಮದುವೆ. ಹೆಂಡತಿಗೆ ಟೆಲಿಫೋನ್ ಕಚೇರಿಯಲ್ಲಿ ಕೆಲಸ, ಮೊದಲ ಗಂಡ ತೀರಿಕೊಂಡಿದ್ದ, ಜೊತೆಗೆ ನಾಲ್ಕು ವರ್ಷದ ಒಬ್ಬ ಮಗಳು. ಇವನನ್ನ ಏನಂತ ಕರೀಬೇಕು ಅಂತ ಆ ಮಗುವಿಗೆ ಯಾರೂ ಹೇಳಿಕೊಡಲಿಲ್ಲ, ಅದೇ ಒಂದು ಹೆಸರು ಹುಡುಕಿಕೊಂಡಿತು: ಗೋದಾಮು. "ಗೋದಾಮು, ನನ್ನ ಲೇಸ್ ಕಟ್ಟು." "ಗೋದಾಮು, ಎತ್ಕೋ." ಇವನು ಬಾಯಿ ಕಿವಿವರೆಗೆ ಹಿಗ್ಗಿಸಿಕೊಂಡು ಎತ್ತಿಕೊಳ್ಳೋನು. ಆರು ವರ್ಷ, ಒಂದು ದಿನ ತಪ್ಪದೆ, ಶಾಲೆಗೆ ಕೈ ಹಿಡಿದು ನಡೆಸಿಕೊಂಡು ಹೋದ.

ಆಮೇಲೆ ಒಂದು ದಿನ ಹೆಂಡತಿ ಬೇರೆ ಊರಿಗೆ ವರ್ಗ ಮಾಡಿಸಿಕೊಂಡು ಹೊರಟುನಿಂತಳು. "ಡಬ್ಬದಲ್ಲಿ ಎಷ್ಟು ಬಿಸ್ಕತ್ತಿದೆ ಅಂತ ಯಾವಾಗಲೂ ಗೊತ್ತಿರೋ ಗಂಡಸಿನ ಜೊತೆ ಬಾಳೋಕಾಗಲ್ಲ" ಅಂದಳಂತೆ. ಅದೇ ಕಾರಣವೋ, ಬೇರೆ ಏನಾದರೂ ಇತ್ತೋ, ನನಗಂತೂ ಇವತ್ತಿಗೂ ತಲೆಬುಡ ಗೊತ್ತಾಗಿಲ್ಲ. ಇವನು ಹೆಂಡತಿ ಹೋಗಿದ್ದಕ್ಕೆ ಅಳಲಿಲ್ಲ. ಮಗುವನ್ನ ತಿಂಗಳಿಗೊಮ್ಮೆ ನೋಡಬಹುದಾ ಅಂತ ಕೇಳೋಕೆ ವಕೀಲರ ಹತ್ತಿರ ಹೋದ. ವಕೀಲರು ಕಡತ ಮಗುಚಿ ಹಾಕಿ, "ರಕ್ತ ನಿಮ್ಮದಲ್ಲ. ದತ್ತು ಕಾಗದ ಮಾಡಿಸಿಲ್ಲ. ಆ ಹುಡುಗಿಗೆ ನೀವು ಏನೂ ಆಗಲ್ಲ" ಅಂದರು. ಅವತ್ತು ನನ್ನ ಮನೆಗೆ ಬಂದವನು ಬಾಗಿಲಲ್ಲೇ ಕೂತುಬಿಟ್ಟ. ಎರಡು ವರ್ಷ ಕಾಗದ ಬರೆದ, ಉತ್ತರ ಬರಲಿಲ್ಲ. ನನ್ನ ಯಜಮಾನರು ಹೋದಮೇಲೆ ಮಹಡಿ ಕೋಣೆ ಖಾಲಿ ಇತ್ತು, ಬಂದು ಇರು ಅಂದೆ. ಇದ್ದಾನೆ.

ಹನ್ನೊಂದು ವರ್ಷ ಕಳೀತು. ಹೋದ ವರ್ಷ ಒಂದು ಬೆಳಿಗ್ಗೆ ಫೋನು. ನಾನೇ ಎತ್ತಿದೆ.

"ಅವರು ಇದ್ದಾರಾ?"

"ಯಾವ ಅವರು?"

"ಎಣಿಸ್ತಿದ್ರಲ್ಲ... ಅವರು."

ಫೋನನ್ನ ತಮ್ಮನಿಗೆ ಕೊಟ್ಟು, ನಾಚಿಕೆ ಬಿಟ್ಟು ಅವನ ಕಿವಿ ಪಕ್ಕ ಕಿವಿ ಇಟ್ಟೆ. ಹುಡುಗಿ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದ್ತಿದ್ದಾಳಂತೆ, ನಮ್ಮ ಊರಲ್ಲೇ, ಬಂದು ಮೂರು ವರ್ಷ ಆಯ್ತಂತೆ. ಮೂರು ವರ್ಷ! ಅವಳ ತರಗತಿಯವರೆಲ್ಲ ಸೇರಿ ಏನೋ ಒಂದು ಕಟ್ಟಿ ದಾಖಲೆ ಮಾಡ್ತಾರಂತೆ. ಎಣಿಕೆಗೆ ಹೊರಗಿನ ಒಬ್ಬ ಸಾಕ್ಷಿ ಬೇಕು, ಎಣಿಸೋದರಲ್ಲಿ ಪಳಗಿದವರು, ಆದರೆ ಕಟ್ಟೋರಲ್ಲಿ ಯಾರಿಗೂ ಸಂಬಂಧಿ ಆಗಿರಬಾರದು.

"ನೀವು ನಮಗೆ ಏನೂ ಆಗಲ್ಲ ಅಲ್ವಾ," ಅಂದಳು, "ಅದಕ್ಕೇ ಕೇಳ್ತಿದ್ದೀನಿ."

ಇದು ಕರೆಯೋದೋ ಕೆನ್ನೆಗೆ ಬಾರಿಸೋದೋ ನೀವೇ ಹೇಳಿ. ತಮ್ಮ, "ಹೌದು, ಆಗಲ್ಲ, ಬರ್ತೀನಿ" ಅಂದ. ಫೋನಿಟ್ಟ ಮೇಲೆ ನಾನು ಹಾರಾಡಿದೆ. ಮಾನ ಮರ್ಯಾದೆ ಇದ್ಯಾ ನಿನಗೆ, ಬೇಕಾದಾಗ ಎತ್ಕೊಂಡು ಬೇಡವಾದಾಗ ಇಡೋಕೆ ನೀನೇನು ಛತ್ರಿನಾ ಅಂದೆ. ಅವನು ನನ್ನ ಮುಖ ನೋಡಿದ. "ಅವಳಿಗೆ ನಾನು ಏನು ಅಂತ ಒಂದು ಸಲ ಗೊತ್ತಾದರೆ ಸಾಕು ಅಕ್ಕ. ಏನೂ ಅಲ್ಲ ಅಂತಾದರೂ ಅವಳ ಬಾಯಿಂದಲೇ ಗೊತ್ತಾಗಲಿ." ಅವಳು ಈಗ ತಾನೇ ಬಾಯಿ ಬಿಟ್ಟು ಹೇಳಿದಳಲ್ಲೋ ಅಂದ್ರೆ, "ಅದು ಸಾಕ್ಷಿ ವಿಷಯ" ಅಂದ. ಇವನ ಜೊತೆ ವಾದ ಮಾಡೋದೂ ಒಂದೇ, ಗೋಡೆ ಜೊತೆ ಮಾಡೋದೂ ಒಂದೇ. ನಾನೂ ಬರ್ತೀನಿ ಅಂದೆ. ನೀರಿನ ಬಾಟಲಿ, ಅವನ ಬೆನ್ನಿಗೆ ಒಂದು ದಿಂಬು, ನನ್ನ ಹೆಣಿಗೆ ಚೀಲ ಹಿಡಿದು ಹೊರಟೆ.

ಅದು ಅವರ ಒಳಾಂಗಣ ಕ್ರೀಡಾಂಗಣ. ನೆಲದ ಮೇಲೆ ಆಟದ ಗೆರೆಗಳು, ಮೇಲೆ ಕಬ್ಬಿಣದ ತೊಲೆ, ಗೋಡೆ ಪಕ್ಕ ಒಟ್ಟಿದ ಪೆಟ್ಟಿಗೆಗಳು. ಪೆಟ್ಟಿಗೆ ತುಂಬ ಕಿತ್ತಳೆ ಗಾತ್ರದ ಪ್ಲಾಸ್ಟಿಕ್ ಚೆಂಡು, ಅರ್ಧ ಹಸಿರು, ಅರ್ಧ ನೇರಳೆ. ಒಂದೊಂದರಲ್ಲೂ ಆರು ತೂತು, ಆ ತೂತುಗಳಿಗೆ ಕಡ್ಡಿ. ಏನಮ್ಮ ಇದು ಅಂತ ಅಲ್ಲಿನ ಪ್ರಾಧ್ಯಾಪಕಿಯನ್ನ ಕೇಳಿದೆ. ಎತ್ತರದ ಹೆಂಗಸು, ಕನ್ನಡಕ ದಾರದಲ್ಲಿ ಕುತ್ತಿಗೆಯಿಂದ ನೇತಾಡ್ತಿತ್ತು.

"ಉಪ್ಪು" ಅಂದರು.

"ಯಾವ ಉಪ್ಪು?"

"ನಿಮ್ಮ ಅಡುಗೆಮನೆ ಉಪ್ಪೇ. ಒಂದು ಹರಳಿನ ಒಳಗೆ ಕಣಗಳು ಹೀಗೇ ಸಾಲಾಗಿ ನಿಂತಿರುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ಚೂರನ್ನ ಮೂರಾಳೆತ್ತರ ಕಟ್ಟೋದು. ಇನ್ನೊಂದು ವಿಶ್ವವಿದ್ಯಾಲಯದವರು ಸಾಲಿಗೆ ಇಪ್ಪತ್ತನಾಲ್ಕು ಇಟ್ಟು ದಾಖಲೆ ಮಾಡಿದ್ದಾರೆ. ನಮ್ಮದು ಇಪ್ಪತ್ತೈದು."

ಉದ್ದಕ್ಕೆ ಇಪ್ಪತ್ತೈದು, ಅಗಲಕ್ಕೆ ಇಪ್ಪತ್ತೈದು, ಎತ್ತರಕ್ಕೆ ಇಪ್ಪತ್ತೈದು. ಕಾಣದೇ ಇರೋದನ್ನ ಇಷ್ಟು ದೊಡ್ಡದಾಗಿ ಮಾಡಿ ಯಾರಿಗೆ ಉಪಯೋಗ ಅಂತ ಕೇಳಬೇಕು ಅಂದುಕೊಂಡೆ, ಅಷ್ಟರಲ್ಲಿ ಅವಳು ಬಂದಳು.

ಗುರುತು ಸಿಕ್ಕಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಅದೇ ಹಣೆ, ಅದೇ ಗಂಟು ಹಾಕಿದ ಹುಬ್ಬು. ತಮ್ಮ ಎದ್ದು ನಿಂತ. ಅವಳು ಬಂದು, "ನಮಸ್ಕಾರ ಸರ್, ಬಂದಿದ್ದು ಒಳ್ಳೇದಾಯ್ತು" ಅಂದಳು. ಸರ್! ಎತ್ಕೋ ಅಂತಿದ್ದ ಬಾಯಲ್ಲಿ ಸರ್! ನನಗೊಂದು ನೋಟ ಎಸೆದು ಕಡ್ಡಿ ಕಟ್ಟು ಹೊತ್ತುಕೊಂಡು ಹೋದಳು. ಎಲ್ಲರ ಮುಂದೆ ಸಂಬಂಧ ಇಲ್ಲದವಳ ಹಾಗೆ ನಟಿಸ್ತಿದ್ದಾಳೋ, ನಿಜವಾಗಲೂ ಅಷ್ಟೇನೋ? ತಮ್ಮ ನನ್ನನ್ನ ಕೇಳಿದ, ನಾನು ಅವನನ್ನ ಕೇಳಿದೆ.

ಆದರೆ ಕೆಲಸಕ್ಕೆ ಕೂತರೆ ಅವನು ಬೇರೆಯೇ ಮನುಷ್ಯ. ಎಲ್ಲ ಕಟ್ಟಿ ಮುಗಿಸಿದ ಮೇಲೆ ಎಣಿಸಿದರಾಯ್ತು ಅಂತ ಹುಡುಗರು ಲೆಕ್ಕ ಹಾಕಿದ್ದರು. ಇವನು ನಕ್ಕುಬಿಟ್ಟ. "ಒಟ್ಟಿದ್ದನ್ನ ಎಣಿಸಬಾರದು ಮಗಾ, ಒಳಗಿಂದು ಕಾಣಲ್ಲ. ಓಡಾಡೋದನ್ನ ಎಣಿಸಬೇಕು." ನೆಲದ ಮೇಲೆ ಸುತ್ತಲೂ ಸೀಮೆಸುಣ್ಣದಲ್ಲಿ ಗೆರೆ ಎಳೆಸಿದ, ಒಂದೇ ಕಡೆ ಬಾಗಿಲಿನಷ್ಟು ಜಾಗ ಬಿಟ್ಟು ಅಲ್ಲಿ ಕುರ್ಚಿ ಹಾಕಿಕೊಂಡ. ಚೆಂಡು ಯಾವುದೇ ಇರಲಿ ಅವನ ಮುಂದೇನೇ ಒಳಗೆ ಹೋಗಬೇಕು. ಒಬ್ಬೊಬ್ಬರ ಕೈಗೆ ಐದರಂತೆ, ಹಸಿರಿಗೊಂದು ನೇರಳೆಗೊಂದು ಎಣಿಕೆ ಯಂತ್ರ, ಟಿಕ್ ಟಿಕ್ ಟಿಕ್. ಗೆರೆ ದಾಟಿ ನುಸುಳಿದ ಒಬ್ಬ ಹುಡುಗನನ್ನ ವಾಪಸ್ ಕಳಿಸಿ ಮತ್ತೆ ಬರಿಸಿದ. ನಾಲ್ಕು ದಿನ ಹೀಗೇ ನಡೀತು, ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ. ನಲವತ್ತೊಂದು ಮಕ್ಕಳು ಮೇಲಿನ ಸಾಲು ಕಟ್ಟೋಕೆ ಹಾಕಿದ್ದ ಅಟ್ಟಣೆ ಹತ್ತಿ ಇಳಿದು ಬೆರಳಲ್ಲಿ ಬೊಬ್ಬೆ ಬರಿಸಿಕೊಂಡರು.

ಅವಳು ದಿನಕ್ಕೆ ನೂರು ಸಲ ಅವನ ಮುಂದೆ ಹಾದುಹೋದಳು. ಮಾತಿಲ್ಲ. ಎರಡನೇ ದಿನ ಎಲ್ಲರಿಗೂ ಚಹಾ ತಂದಳು, ಇವನದು ಸಕ್ಕರೆ ಇಲ್ಲದ್ದು. ನಾನು ಅವನ ತೊಡೆ ಚಿವುಟಿದೆ, "ನೋಡೋ, ನೆನಪಿಟ್ಟಿದ್ದಾಳೆ!" ಅವನು ಲೋಟದೊಳಗೆ ನೋಡ್ತಾ, "ನಿನ್ನೆ ಚಹಾ ತಂದ ಹುಡುಗನಿಗೆ ನಾನೇ ಹೇಳಿದ್ದೆ ಅಕ್ಕ. ಅವನು ಅವಳಿಗೆ ಹೇಳಿರಬಹುದು." ಮೂರನೇ ದಿನ ಅವಳು ಅಟ್ಟಣೆ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತು ಬಹಳ ಹೊತ್ತು ಇತ್ತಲೇ ನೋಡಿದಳು. ನಮ್ಮನ್ನ ನೋಡ್ತಿದ್ದಾಳೆ ಅಂದೆ. ಹಿಂದೆ ತಿರುಗಿದರೆ ನಮ್ಮ ತಲೆ ಮೇಲೆ ಗೋಡೆ ಗಡಿಯಾರ. ನನ್ನ ತಲೆ ಕೆಟ್ಟು ಹೋಯ್ತು. ಹೆಣಿಗೆಯಲ್ಲಿ ಎರಡು ಸಾಲು ತಪ್ಪಿ ಬಿಚ್ಚಬೇಕಾಯ್ತು.

ನಾಲ್ಕನೇ ದಿನ ಮೂರೂವರೆಗೆ ಕೊನೆ ಚೆಂಡು ಒಳಗೆ ಹೋಯ್ತು. ಹದಿನೈದು ಸಾವಿರದ ಆರುನೂರ ಇಪ್ಪತ್ತೈದು. ಅವರ ಲೆಕ್ಕವೂ ಅದೇ. ತಮ್ಮ ಹುಬ್ಬು ಗಂಟಿಕ್ಕಿ, "ಹಸಿರು ಒಂದು ಜಾಸ್ತಿ ಇದೆಯಲ್ಲ" ಅಂದ. ಒಬ್ಬ ಹುಡುಗ ಬಂದು, ಸಾಲು ಬೆಸ ಸಂಖ್ಯೆ, ಎಂಟು ಮೂಲೆಯಲ್ಲೂ ಹಸಿರೇ ಬರುತ್ತೆ, ಹಾಗಾಗಿ ಒಂದು ಜಾಸ್ತಿ ಆಗಲೇಬೇಕು ಅಂತ ವಿವರಿಸಿದ. ಹಾಗಾದರೆ ನನ್ನ ಡಬ್ಬದ ಉಪ್ಪಲ್ಲೂ ಒಂದು ಜಾಸ್ತಿ ಇರುತ್ತಾ ಅಂದೆ. ಅವನು ಗೆಳೆಯನನ್ನ ಕರೆಯೋಕೆ ಹೋದ. ವಾಪಸ್ ಬರಲೇ ಇಲ್ಲ.

ಆಮೇಲೆ ಕಾಗದ ಪತ್ರ. ಪ್ರಾಧ್ಯಾಪಕಿ ಕನ್ನಡಕ ಏರಿಸಿ ಓದಿದರು: ಸಾಕ್ಷಿಗೂ ಭಾಗವಹಿಸಿದವರಿಗೂ ಇರುವ ಸಂಬಂಧ? ತಮ್ಮ ಪೆನ್ನು ತಗೊಂಡು ಗುಂಡಗೆ ಬರೆದ: ಏನೂ ಇಲ್ಲ. ಇನ್ನೊಂದು ಹಾಳೆಯಲ್ಲಿ ಮಕ್ಕಳೆಲ್ಲ ಸಹಿ ಹಾಕಬೇಕು, ಈ ಸಾಕ್ಷಿ ನನಗೆ ಏನೂ ಆಗಬೇಕಾಗಿಲ್ಲ ಅಂತ. ಸಾಲಾಗಿ ಬಂದು ಪಟಪಟ ಗೀಚಿ ಹೋದರು. ಅವಳದು ಕೊನೆ. ಪೆನ್ನು ಹಿಡಿದಳು. ನಿಂತಳು.

"ಏನಾಯ್ತು? ಬೇಗ" ಅಂದರು ಪ್ರಾಧ್ಯಾಪಕಿ.

"ಮೇಡಂ, ಆಗ್ತಿಲ್ಲ."

"ಏನಾಗ್ತಿಲ್ಲ?"

"ಇದಕ್ಕೆ ಸಹಿ ಹಾಕೋಕೆ." ಪೆನ್ನು ಕೆಳಗಿಟ್ಟಳು. ಕಣ್ಣಲ್ಲಿ ನೀರು ತಟತಟ. "ಆರು ವರ್ಷ ಇವರ ಜೊತೆ ಇದ್ದೆ. ಏನೂ ಅಲ್ಲ ಅಂತ ಬರೆಯೋಕೆ ಕೈ ಬರ್ತಿಲ್ಲ."

"ಮೊದಲೇ ಬೊಗಳೋಕೆ ಏನಾಗಿತ್ತು?" ಅಂತ ಹಿಂದಿನಿಂದ ಒಬ್ಬ ಕೂಗಿದ.

"ಮೊದಲು ನನಗೂ ಗೊತ್ತಿರಲಿಲ್ಲ" ಅಂದಳು.

ಆಗ ನನ್ನ ತಮ್ಮ, ಇಪ್ಪತ್ತು ವರ್ಷದಲ್ಲಿ ಒಂದು ದಿನ ದನಿ ಎತ್ತದ ಮನುಷ್ಯ, ಕುರ್ಚಿ ಬಿಟ್ಟು ಎದ್ದ. "ಏನೇ ಇದು ನಿನ್ನ ಹಠ! ಈ ಮಕ್ಕಳು ನಾಲ್ಕು ದಿನ ಮೈ ಮುರಿದಿದ್ದಾರೆ. ಅವರ ಬಾಯಿಗೆ ಮಣ್ಣು ಹಾಕ್ತೀಯಾ? ನಾನು ನಿನಗೆ ಏನೂ ಅಲ್ಲ, ಏನೇನೂ ಅಲ್ಲ, ವಕೀಲರೇ ಹೇಳಿದ್ದಾರೆ, ತಿಳೀತಾ? ಸುಮ್ಮನೆ ಸಹಿ ಹಾಕು. ಚಿಕ್ಕವಳಿದ್ದಾಗಿಂದ ಇದೇ ಬುದ್ಧಿ, ಕೊನೇ ಗಳಿಗೆಯಲ್ಲಿ ರಂಪ ಮಾಡೋದು! ಇಲ್ಲಿ ನೋಡು, ನನ್ನನ್ನ ನೋಡು. ಮೊದಲು ಮೂಗು ಒರೆಸ್ಕೋ!"

ಅವಳು ತೋಳಲ್ಲಿ ಮೂಗು ಒರೆಸಿಕೊಂಡಳು.

ತಮ್ಮ ಸುತ್ತ ನೋಡಿದ. ಎಲ್ಲರೂ ಅವನನ್ನೇ ನೋಡ್ತಿದ್ದರು. "ಯಾಕೆ? ನಾನೇನು ತಪ್ಪು ಹೇಳಿದೆ?" ಅಂತ ನನ್ನನ್ನ ಕೇಳಿದ.

ಪ್ರಾಧ್ಯಾಪಕಿ ಕುರ್ಚಿ ಎಳೆದುಕೊಂಡು ಕೂತರು. ಬೇರೆ ಸಾಕ್ಷಿ ಹುಡುಕಿದರೆ ಮೊದಲ ಚೆಂಡಿನಿಂದ ಮತ್ತೆ ಎಣಿಸಬೇಕು, ನಾಳೆ ಬೆಳಿಗ್ಗೆ ಈ ಜಾಗದಲ್ಲಿ ಪಂದ್ಯ ಇದೆ ಅಂದರು. ಒಬ್ಬ ಹುಡುಗ ಖಾಲಿ ಪೆಟ್ಟಿಗೆಗೆ ಒದ್ದ. ಇಬ್ಬರು ಹುಡುಗಿಯರು ಅಳ್ತಾ ಹೊರಗೆ ಹೋದರು. ಅವರ ಹೊಟ್ಟೆ ಉರಿದಿದ್ದು ನ್ಯಾಯವೇ, ನಾನು ಅಲ್ಲ ಅನ್ನಲ್ಲ.

"ದಾಖಲೆಯ ಅರ್ಜಿ ವಾಪಸ್ ತಗೊಳ್ಳೋಕೆ ಕಾರಣ ಬರೀಬೇಕು" ಅಂತ ಪ್ರಾಧ್ಯಾಪಕಿ ಇನ್ನೊಂದು ಹಾಳೆ ತೆಗೆದರು. ಹುಡುಗಿ ಕಡೆ ನೋಡಿ ಕೇಳಿದರು, "ಇವರು ನಿನಗೆ ಏನಾಗಬೇಕು?"

"ತಂದೆ ಅಂತ ಬರೀರಿ ಮೇಡಂ."

"ಬೇಡ ಬೇಡ," ತಮ್ಮ ಗಾಬರಿ ಬಿದ್ದ, "ಅದು ಸುಳ್ಳಾಗುತ್ತೆ. ಕಾಗದದ ಪ್ರಕಾರ..."

"ಸುಮ್ಮನಿರಿ ಸರ್. ನೀವು ಬೈದಿದ್ದನ್ನ ನಲವತ್ತು ಜನ ಕೇಳಿಸಿಕೊಂಡಿದ್ದಾರೆ." ಹೇಳಿ ಬರೆದೇಬಿಟ್ಟರು: ಸಾಕ್ಷಿ ಒಬ್ಬ ವಿದ್ಯಾರ್ಥಿನಿಯ ತಂದೆ. ಸಹಿ, ಮೊಹರು. ಅದರ ಒಂದು ಪ್ರತಿ ಇವನಿಗೂ ಕೊಟ್ಟರು.

ಹುಡುಗಿ ಬಾಗಿಲವರೆಗೆ ಬಂದಳು. ಒಳಗೆ ಎಲ್ಲ ಬಿಚ್ಚಬೇಕು, ಯಾರೂ ನನ್ನ ಜೊತೆ ಮಾತಾಡಲ್ಲ ಇವತ್ತು ಅಂದಳು. ಭಾನುವಾರ ಬರ್ತೀನಿ, ವಿಳಾಸ ಕೊಡಿ ಅಂದಳು. ನಾನೇ ಬರೆದುಕೊಟ್ಟೆ.

ಬೀದಿಗೆ ಬಂದೆವು. ಬಸ್ ನಿಲ್ದಾಣ ದಾಟಿ ಹೋಗಿದ್ದೂ ಇವನಿಗೆ ಗೊತ್ತಾಗಲಿಲ್ಲ. ಆ ಹಾಳೆ ಎದೆ ಜೇಬಿನಲ್ಲಿತ್ತು, ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳೋನು.

"ಅಕ್ಕ, ಆ ಮಕ್ಕಳ ದಾಖಲೆ ಹೋಯ್ತಲ್ಲ."

"ಹೋಯ್ತು."

"ನನ್ನಿಂದಲೇ."

"ನಿನ್ನಿಂದಲೇ."

"ನಾನು ಈಗ ಖುಷಿ ಪಡಬಾರದು ಅಲ್ವಾ?"

"ಬಾರದು."

ಸ್ವಲ್ಪ ದೂರ ನಡೆದ. ನಿಂತ. "ಆಗ್ತಿದೆಯಲ್ಲ ಅಕ್ಕ, ಏನ್ ಮಾಡಲಿ?"

ನನಗೂ ಆಗ್ತಿತ್ತು. ಬಾಯಿ ಮುಚ್ಚಿಕೊಂಡು ನಡಿ ಅಂದೆ.